ಪದಚರ್ಚೆ: ‘ತ್ರಿಜ್ಯ’ದಲ್ಲಿರುವ ಮೂರು ಯಾವುದು? ‘ಶರ’ ಎಂದರೇನು?

ಪ್ರಶ್ನೆ: ಪರಿಧಿಯ ಎರಡು ಬಿಂದುಗಳನ್ನು ಸೇರಿಸುವ ಗೆರೆ ಜ್ಯಾ, ಕೇಂದ್ರದಿಂದ ಪರಿಧಿಗೆ ಇರುವ ದೂರ ತ್ರಿಜ್ಯ. ಹಾಗಾದರೆ ಆ ‘ತ್ರಿ’ ಎಲ್ಲಿಂದ ಬಂತು? ಹಳೆಯ ಗಣಿತದಲ್ಲಿ ಕಾಣುವ ‘ಶರ’ ಯಾವ ಅಳತೆ?

ಉತ್ತರ: ಮೂರು ಜ್ಯಾ ಅಲ್ಲ, ಮೂರು ರಾಶಿ. ರಾಶಿಗೆ 30ರಂತೆ 90 ಡಿಗ್ರಿ. ಜ್ಯೋತಿರ್ಗಣಿತದಲ್ಲಿ ‘ಜ್ಯಾ’ ಎಂದರೆ ಸಾಮಾನ್ಯವಾಗಿ ಅರ್ಧಜ್ಯಾ, ಅಂದರೆ ಶಾಲೆಯಲ್ಲಿ ಕಲಿಯುವ ಜ್ಯಾದ ಅರ್ಧ. ಆ ಅರ್ಧಕ್ಕೆ ಎದುರಾಗಿ ಕೇಂದ್ರದಲ್ಲಿರುವ ಕೋನ ಹೆಚ್ಚಿದಂತೆ ಅದು ಬೆಳೆಯುತ್ತದೆ. 90 ಡಿಗ್ರಿಗೆ ಸರಿಯಾಗಿ ಅರೆವ್ಯಾಸದಷ್ಟಾಗುತ್ತದೆ. ಮೂರು ರಾಶಿಯ ಜ್ಯಾ, ತ್ರಿಜ್ಯಾ. ಆರ್ಯಭಟನ ಲೆಕ್ಕದಲ್ಲಿ ಇದು 3438 ಕಲೆ (ಕಲೆ ಎಂದರೆ ಡಿಗ್ರಿಯ 60ನೇ ಒಂದು ಭಾಗ): ಪರಿಧಿಯ 21600 ಕಲೆಗಳನ್ನು 2π ಯಿಂದ ಭಾಗಿಸಿದರೆ ಬರುವ 3437.75ರ ಪೂರ್ಣಾಂಕ.

ಕಂಸವನ್ನು ಬಿಲ್ಲು, ಜ್ಯಾವನ್ನು ಹೆದೆ ಎಂದುಕೊಂಡರೆ ಹೆದೆಯ ನಡುವಿನಿಂದ ಬಿಲ್ಲಿಗೆ ಲಂಬವಾಗಿ ನಿಂತ ಬಾಣವೇ ಶರ. ಕೇಂದ್ರವೇ ಸಿಗದ ಕಂಸದ ತುಂಡಿಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಆರ್ಯಭಟೀಯದ ನಿಯಮ: ಅರ್ಧಜ್ಯಾದ ವರ್ಗ = ಎರಡು ಶರಗಳ ಗುಣಲಬ್ಧ. ಎರಡನೆಯ ಶರ ಎಂದರೆ ವ್ಯಾಸದ ಉಳಿದ ಭಾಗ.

ಜ್ಯಾ 24 ಸೆಂ.ಮೀ., ಶರ 4 ಸೆಂ.ಮೀ. ಎನ್ನಿ. 12ರ ವರ್ಗ 144. 4ರಿಂದ ಭಾಗಿಸಿದರೆ 36. ಅದಕ್ಕೆ ಶರದ 4 ಕೂಡಿಸಿದರೆ ವ್ಯಾಸ 40, ತ್ರಿಜ್ಯ 20. ಅರ್ಧ ಮಾಡುವುದನ್ನು ಮರೆತು 24ನ್ನೇ ಇಟ್ಟರೆ ತ್ರಿಜ್ಯ 74! ಪದದ ಗೊಂದಲ ಲೆಕ್ಕವನ್ನು ಇಷ್ಟು ಕೆಡಿಸುತ್ತದೆ. ಶರವನ್ನು ಬಹಳ ಜೋಪಾನವಾಗಿ ಅಳೆಯಬೇಕು: ಒಂದು ಮಿ.ಮೀ. ಕಡಿಮೆ ಓದಿದರೆ ತ್ರಿಜ್ಯ ಸುಮಾರು 4 ಮಿ.ಮೀ. ಹೆಚ್ಚು ಬರುತ್ತದೆ. ಜ್ಯಾದಲ್ಲಿ ಅಷ್ಟೇ ತಪ್ಪಾದರೆ ವ್ಯತ್ಯಾಸ ಒಂದೂವರೆ ಮಿ.ಮೀ. ಮಾತ್ರ.

ಇದೇ ಆಕೃತಿಯ, ಅಂದರೆ ಜ್ಯಾ ಮತ್ತು ಕಂಸದ ನಡುವಿನ ವೃತ್ತಖಂಡದ, ವಿಸ್ತೀರ್ಣ ಬೇಕಾದರೆ ಜ್ಯಾದ ತುದಿಗಳಿಗೆ ಎಳೆದ ಎರಡು ತ್ರಿಜ್ಯಗಳು ಮತ್ತು ಕಂಸದ ನಡುವಿನ ತ್ರಿಜ್ಯಾಂತರ ಖಂಡದಿಂದ (257.4) ಆ ತ್ರಿಜ್ಯಗಳು ಮತ್ತು ಜ್ಯಾದ ತ್ರಿಭುಜವನ್ನು (192) ಕಳೆಯಿರಿ: 65.4 ಚದರ ಸೆಂ.ಮೀ. ಒಂಬತ್ತನೆಯ ಶತಮಾನದ ಗಣಿತಜ್ಞ ಮಹಾವೀರಾಚಾರ್ಯನ ಸ್ಥೂಲ ಸೂತ್ರದಲ್ಲಿ ಜ್ಯಾ ಮತ್ತು ಶರ ಕೂಡಿಸಿ, ಶರದ ಅರ್ಧದಿಂದ ಗುಣಿಸಿದರೆ 56. ಅವನದೇ ಸೂಕ್ಷ್ಮ ಸೂತ್ರದಲ್ಲಿ, ಅಂದರೆ ಜ್ಯಾ × ಶರ × √10 ÷ 4, ಸುಮಾರು 75.9. ಎರಡೂ ಅರ್ಧವೃತ್ತಕ್ಕೆ ಹೊಂದುವಂಥವು. ಅಲ್ಲಿ π ಯ ಬೆಲೆ ಕ್ರಮವಾಗಿ 3 ಮತ್ತು √10 ಎಂದಾಗುತ್ತದೆ. ಖಂಡ ತೆಳುವಾದಷ್ಟೂ ಒಂದು ಕಡಿಮೆ, ಇನ್ನೊಂದು ಹೆಚ್ಚು ತೋರಿಸುತ್ತದೆ. ಗಮನಿಸಿ, ಈ ಎರಡು ಸೂತ್ರಗಳಲ್ಲಿ ಜ್ಯಾ ಪೂರ್ಣಜ್ಯಾವೇ, ಅರ್ಧವಲ್ಲ.