ಅಮೆರಿಕದ ಅಂತರ್ಯುದ್ಧ: ಸೈನ್ಯಕ್ಕೆ ಮನೆಮನೆ ಪಟ್ಟಿ ಮಾಡಿದವರು ಯಾರು?

ತೀರ್ಥಹಳ್ಳಿ ಮೇಷ್ಟ್ರು:
ನಾನು ಪ್ರಾಥಮಿಕ ಶಾಲೆ ಮೇಷ್ಟ್ರು, ಜೊತೆಗೆ ಮತದಾರರ ಪಟ್ಟಿ ಮಾಡೋ ಬಿಎಲ್‌ಓ ಕೆಲಸವೂ ಉಂಟು. ನಮ್ಮ ಕಡೆ ಎಲ್ಲಾ ಒಂಟಿಮನೆಗಳು. ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಹೋಗ್ಬೇಕಂದ್ರೆ ತೋಟ ಇಳಿದು, ಸಂಕ ದಾಟಿ, ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಫಾರಂ ತುಂಬೋದಕ್ಕಿಂತ ಇಂಬಳ ಕೀಳೋದೇ ಜಾಸ್ತಿ. ಮತದಾರರ ಪಟ್ಟಿಗೇ ಜನ ಸರಿಯಾಗಿ ವಯಸ್ಸು ಹೇಳಲ್ಲ. 1863ರಲ್ಲಿ, ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ವಿರುದ್ಧ ಹೋರಾಡ್ತಿದ್ದ ಅಮೆರಿಕದ ಉತ್ತರದವರು ಕಡ್ಡಾಯ ಸೈನ್ಯ ಭರ್ತಿಗೆ ಹೀಗೇ ಮನೆಮನೆ ಸುತ್ತಿ ಪಟ್ಟಿ ಮಾಡಿಸಿದ್ರಂತೆ. ಯುದ್ಧಕ್ಕೆ ಕರ್ಕೊಂಡು ಹೋಗೋ ಪಟ್ಟಿಗೆ ಯಾರು ಸಾರ್ ಹೆಸರು ಕೊಟ್ಟಿರ್ತಾರೆ?

ಸಾಗರದ ಹಳೇ ಲೆಕ್ಚರರ್:
ಮೇಷ್ಟ್ರೇ, ಕೊಡ್ಲಿಲ್ಲ, ಅದೇ ತಾಪತ್ರಯ ಆಗಿದ್ದು. ಸುಳ್ಳು ಹೆಸರು ಹೇಳಿದ್ರು, ಗಂಡಸರು ಮನೇಲಿಲ್ಲ ಅಂದ್ರು. ಉತ್ತರದ ಇಂಡಿಯಾನಾ ರಾಜ್ಯದಲ್ಲಿ 1863ರ ಜೂನಿನಲ್ಲಿ ಪಟ್ಟಿ ಕೆಲಸಕ್ಕೆ ಹೋದವರನ್ನ ಗುಂಡಿಟ್ಟು ಕೊಂದೇಬಿಟ್ರು. ನಿಮ್ಮ ಇಂಬಳ ವಾಸಿ.

1863ರ ಮಾರ್ಚ್ 3ರ ಕಾಯ್ದೆ ಪ್ರಕಾರ ಒಂದೊಂದು ಸಂಸತ್ ಕ್ಷೇತ್ರಕ್ಕೂ ಒಂದು ಮಂಡಳಿ: ಪ್ರೊವೋಸ್ಟ್ ಮಾರ್ಷಲ್ ಅನ್ನೋ ಅಧಿಕಾರಿ, ಒಬ್ಬ ಕಮಿಷನರ್, ಒಬ್ಬ ಡಾಕ್ಟರು. ಎಲ್ಲರ ಮೇಲೆ ವಾಷಿಂಗ್ಟನ್ನಿನಲ್ಲಿ ಜೇಮ್ಸ್ ಫ್ರೈ. ಮಂಡಳಿ ನೇಮಿಸಿದ ಗಣತಿಯವರು ಮನೆಮನೆಗೆ ಹೋಗಿ 20ರಿಂದ 45 ವರ್ಷದ ಗಂಡಸರನ್ನ ಬರ್ಕೊಂಡ್ರು. ಕಾಲಂಗಳು ನಿಮಗೆ ಗುರುತು ಹತ್ತುತ್ತವೆ: ವಾಸ, ಹೆಸರು, ಜುಲೈ 1ಕ್ಕೆ ವಯಸ್ಸು, ಬಿಳಿಯನೋ ಕರಿಯನೋ, ಉದ್ಯೋಗ, ಮದುವೆ ಆಗಿದೆಯೋ ಇಲ್ಲವೋ, ಹುಟ್ಟಿದ್ದೆಲ್ಲಿ, ಹಿಂದಿನ ಸೈನ್ಯದ ಸೇವೆ, ಕೊನೆಗೆ ಷರಾ. ಮದುವೆ ಯಾಕೆ ಕೇಳಿದ್ರು ಅಂದ್ರೆ, 35 ದಾಟಿದ ಮದುವೆಯಾದವರು ಎರಡನೇ ವರ್ಗ. ಮೊದಲನೇ ವರ್ಗ ಖಾಲಿಯಾಗೋವರೆಗೂ ಅವರ ಸರದಿ ಬರಲ್ಲ.

ಚೀಟಿಗಳನ್ನ ತಿರುಗೋ ಡಬ್ಬಿಗೆ ಹಾಕಿ ಎಲ್ಲರೆದುರೇ ಎತ್ತೋದು. ಹೆಸರು ಬಂದವನು ಡಾಕ್ಟರ ಮುಂದೆ ನಿಲ್ಲಬೇಕು. ಮುಂಭಾಗದ ಹಲ್ಲಿಲ್ಲದವನು ಪಾಸಾಗ್ತಿರಲಿಲ್ಲ, ಯಾಕಂದ್ರೆ ಆಗಿನ ಬಂದೂಕಿನ ಕಾಗದದ ತೋಟಾವನ್ನ ಹಲ್ಲಲ್ಲಿ ಹರಿದೇ ಮದ್ದು ಸುರೀಬೇಕು.

ಗಾಜನೂರು ದಂಡೆ:
ದುಡ್ಡಿದ್ದವರು ತಪ್ಪಿಸ್ಕೊಳ್ತಿದ್ರಂತಲ್ಲ?

ಸಾಗರದ ಹಳೇ ಲೆಕ್ಚರರ್:
ಕಾಯ್ದೆಯಲ್ಲೇ ದಾರಿ ಇತ್ತು. 300 ಡಾಲರ್ ಕಟ್ಟಿದ್ರೆ ಬಿಟ್ರು, ಇಲ್ಲಾ ಬದಲಿ ಆಳು ಕೊಡಬೇಕು. ಕೂಲಿಯವನಿಗೆ ಅದು ಹತ್ತಿರ ಹತ್ತಿರ ವರ್ಷದ ದುಡಿಮೆ. ನ್ಯೂಯಾರ್ಕಿನಲ್ಲಿ ಜುಲೈ 13ಕ್ಕೆ ಚೀಟಿ ಎತ್ತೋ ಕಚೇರಿಗೇ ಬೆಂಕಿ ಬಿತ್ತು. ಆ ಸಿಟ್ಟು ಮುಂದೆ ಏನೂ ಮಾಡದ ಕರಿಯರ ಮೇಲೆ ತಿರುಗಿದ್ದು ಬೇರೆಯದೇ ಹೇಸಿಗೆ. 1864ರ ಜುಲೈನಲ್ಲಿ, ಧಾರ್ಮಿಕ ಕಾರಣಕ್ಕೆ ಯುದ್ಧ ಒಲ್ಲೆ ಅಂದವರನ್ನ ಬಿಟ್ಟು ಉಳಿದವರಿಗೆ ದುಡ್ಡು ಕಟ್ಟೋ ದಾರಿ ಮುಚ್ಚಿದ್ರು.

ಆದರೆ ಬರೀ ಬಡವ–ಶ್ರೀಮಂತ ಅಂತ ನೋಡಿದ್ರೆ ಊರಿನ ಲೆಕ್ಕಾಚಾರ ಕಣ್ತಪ್ಪುತ್ತೆ. ಒಂದೊಂದು ಊರಿಗೂ ಇಷ್ಟು ಜನ ಅಂತ ಬಾಕಿ ಹಾಕ್ತಿದ್ರು. ತಾವಾಗಿ ಸೇರಿದವರು ಆ ಬಾಕಿಗೆ ವಜಾ. ಪೂರ್ತಿ ತುಂಬಿದ್ರೆ ಆ ಊರಲ್ಲಿ ಚೀಟಿನೇ ಇಲ್ಲ. ಹಾಗಾಗಿ ಊರಿಗೆ ಊರೇ ಸಾಲ ಎತ್ತಿ, ವಂತಿಗೆ ಹಾಕಿ, ಸೇರಿದವರಿಗೆ ಇನಾಮು ಕೊಡ್ತು. ಬೇರೆ ಊರಿನವನನ್ನ ಜಾಸ್ತಿ ದುಡ್ಡು ತೋರಿಸಿ ಕರ್ಕೊಂಡು ಬಂದು ತಮ್ಮ ಲೆಕ್ಕಕ್ಕೆ ಬರೆಸ್ಕೊಳ್ಳೋದು ಮಾಮೂಲಾಯ್ತು. ಇನಾಮು ತಗೊಂಡು ಓಡಿ, ಇನ್ನೊಂದು ಊರಲ್ಲಿ ಬೇರೆ ಹೆಸರಲ್ಲಿ ಸೇರೋರ ದಂಧೆಯೂ ಹುಟ್ಟಿತು.

ನಾಲ್ಕು ಸುತ್ತಿನಲ್ಲಿ ಚೀಟಿಯಲ್ಲಿ ಬಂದ ಹೆಸರು ಸುಮಾರು 7.76 ಲಕ್ಷ. ಅದರಲ್ಲಿ ತಾನೇ ಹೋದವರು 46 ಸಾವಿರದ ಆಸುಪಾಸು, ಬದಲಿ ಕೊಟ್ಟವರು 74 ಸಾವಿರದ ಹತ್ತಿರ, ದುಡ್ಡು ಕಟ್ಟಿದವರು 87 ಸಾವಿರದ ಹತ್ತಿರ. ಉತ್ತರದ ಸೈನ್ಯ ಸೇರಿದ್ದು ಒಟ್ಟು 20 ಲಕ್ಷ ದಾಟುತ್ತೆ. ನನ್ನ ಪ್ರಕಾರ ನಿಮ್ಮ ಆ ಪಟ್ಟಿ ಸಿಪಾಯಿಗಳನ್ನ ಹಿಡಿಯೋದಕ್ಕಿಂತ ಊರುಗಳನ್ನ ಹೆದರಿಸೋಕೇ ಹೆಚ್ಚು ಕೆಲಸಕ್ಕೆ ಬಂತು.

ತೀರ್ಥಹಳ್ಳಿ ಮೇಷ್ಟ್ರು:
ದಕ್ಷಿಣದ ಕಡೆ ಹೆಂಗಿತ್ತು ಸಾರ್?

ಸಾಗರದ ಹಳೇ ಲೆಕ್ಚರರ್:
ಅವರು ಇವರಿಗಿಂತ ಮುಂಚೆ, 1862ರ ಏಪ್ರಿಲ್‌ನಲ್ಲೇ ಶುರು ಮಾಡಿದ್ರು. ಅಕ್ಟೋಬರ್‌ನಲ್ಲಿ 20 ಗುಲಾಮರಿರೋ ತೋಟಕ್ಕೆ ಒಬ್ಬ ಬಿಳಿಯನಿಗೆ ವಿನಾಯ್ತಿ ಅಂತ ಮಾಡಿ, ಸಣ್ಣ ರೈತರ ಕೈಲಿ ಚೆನ್ನಾಗಿ ಬೈಸ್ಕೊಂಡ್ರು. ರಾಜ್ಯದ ಅಧಿಕಾರಿಗಳಿಗೂ ವಿನಾಯ್ತಿ ಇತ್ತು. ಜಾರ್ಜಿಯಾದ ಗವರ್ನರ್ ಜೋಸೆಫ್ ಬ್ರೌನ್ ಅದನ್ನೇ ಹಿಡ್ಕೊಂಡು ತನ್ನವರನ್ನ ಸಾಲಾಗಿ ಅಧಿಕಾರಿಗಳು ಅಂತ ಉಳಿಸ್ಕೊಂಡ. ಬದಲಿ ಆಳಿಗೆ ದುಡ್ಡು ಸುರಿದವರ ಕಥೆ ಮಾತ್ರ ಬೇಡ: 1863ರ ಕೊನೆಗೆ ಬದಲಿ ಪದ್ಧತಿ ರದ್ದಾಯ್ತು, ಮರುತಿಂಗಳು ಈಗಾಗಲೇ ಬದಲಿ ಕೊಟ್ಟವರೂ ಬರಬೇಕು ಅಂತ ಹೊಸ ಕಾಯ್ದೆ ಬಂತು.