ಕಲ್ಕತ್ತಾ ಟ್ರಾಮ್: ಕುದುರೆ ಹಳಿಯ ಮೇಲೇ ಕರೆಂಟ್ ಗಾಡಿ ಓಡಿತೇ?

ಪ್ರಶ್ನೆ: 1902ರಲ್ಲಿ ವಿದ್ಯುತ್ ಟ್ರಾಮ್ ಬಂದಾಗ ಹಳೆಯ ಹಳಿಗಳನ್ನೇ ಬಳಸಿದರೇ? ಇನ್ನೊಂದು, ಕೊನೇ ನಿಲ್ದಾಣದಲ್ಲಿ ಗಾಡಿ ಹಾಗೇ ಹಿಂದಕ್ಕೆ ಹೊರಡದೆ ಸುತ್ತು ಹಾಕುವುದೇಕೆ?

ಉತ್ತರ 1: ಇಲ್ಲ, ಬದಲಾಯಿಸಿದರು. 1873ರ ಫೆಬ್ರವರಿ 24ರಂದು ಸಿಯಾಲ್ದಾ–ಆರ್ಮೇನಿಯನ್ ಘಾಟ್ ನಡುವೆ ಶುರುವಾದ ಮೊದಲ ಕುದುರೆ ಟ್ರಾಮ್ ಅದೇ ನವೆಂಬರಿನಲ್ಲಿ ನಿಂತಿತು. 1880ರಲ್ಲಿ ಮತ್ತೆ ಹಾಕಿದ್ದು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ ಒಂದು ಮೀಟರ್. 1902ರ ಮಾರ್ಚ್ 27ರಂದು ಎಸ್ಪ್ಲನೇಡ್–ಖಿದಿರ್‌ಪುರ ಮಾರ್ಗದಲ್ಲಿ ವಿದ್ಯುತ್ ಟ್ರಾಮ್ ಓಡಿತು. ಆ ಹೊತ್ತಿನಲ್ಲಿ ಗೇಜ್ 1435 ಮಿ.ಮೀ.ಗೆ ಅಗಲವಾಯಿತು.

ಉತ್ತರ 2: ಸುತ್ತು ಹಾಕಲು ಕಾರಣ, ಮೇಲಿನ ತಂತಿಯಿಂದ ಕರೆಂಟ್ ಪಡೆಯುವ ಚಾವಣಿಯ ಕೋಲು. ಸ್ಪ್ರಿಂಗ್ ಅದನ್ನು ತಂತಿಗೆ ಒತ್ತಿ ಹಿಡಿದಿರುತ್ತದೆ, ಕೋಲು ಯಾವಾಗಲೂ ಗಾಡಿಯ ಹಿಂದೆ ವಾಲಿರಬೇಕು. ಅದೇ ಸ್ಥಿತಿಯಲ್ಲಿ ಗಾಡಿ ಹಿಂದಕ್ಕೆ ಹೋದರೆ ತಂತಿ ಕವಲೊಡೆಯುವಲ್ಲಿ ತುದಿ ಸಿಕ್ಕಿಕೊಂಡು ಜಾರುತ್ತದೆ, ತಂತಿಯನ್ನೂ ಹರಿಯಬಹುದು. ಜೊತೆಗೆ ಚಾಲಕನ ಜಾಗ ಒಂದೇ ತುದಿಯಲ್ಲಿದೆ. ಕೋಲು ಕಳಚಿದರೆ ಹಿಂದಿನ ಹಗ್ಗ ಎಳೆದು ಮತ್ತೆ ಕೂರಿಸುತ್ತಾರೆ.

ಉತ್ತರ 3: ತಂತಿಯನ್ನು ಎಲ್ಲರೂ ನೋಡುತ್ತಾರೆ, ಹಳಿಯನ್ನು ಮರೆಯುತ್ತಾರೆ. 550 ವೋಲ್ಟ್ ಡಿ.ಸಿ. ಕರೆಂಟ್ ವಾಪಸ್ ಹೋಗುವುದು ಹಳಿಯಲ್ಲೇ. ಹಳಿಯ ಜೋಡಣೆಗಳಲ್ಲಿ ಬೆಸೆದ ತಾಮ್ರದ ತುಂಡು ಕಿತ್ತುಹೋದರೆ ವೋಲ್ಟೇಜ್ ಕುಸಿದು ಗಾಡಿ ಏದುಸಿರು ಬಿಡುತ್ತದೆ. ಕರೆಂಟ್ ಮಣ್ಣಿಗೆ ಸೋರಿ, ಪಕ್ಕದ ಕಬ್ಬಿಣದ ನೀರಿನ ಪೈಪು ಸವೆಯುತ್ತದೆ. ತಂತಿ ಸರಿಯಿದ್ದೂ ಒಂದೇ ಜಾಗದಲ್ಲಿ ವೇಗ ಬೀಳುತ್ತಿದ್ದರೆ ಮೊದಲು ಅಲ್ಲಿನ ಹಳಿಯ ಜೋಡಣೆ ನೋಡಬೇಕು.