ಕನ್ನಡ ಸಂಘದ ಕಮಿಟಿಗೆ ಡಿ ಅಂಡ್ ಒ ಇನ್ಶೂರೆನ್ಸ್ ಬೇಕಾ? ನಿಮ್ಮ ಅನುಭವ ಹೇಳಿ

ಹೊಸ ಖಜಾಂಚಿ: ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ನಮ್ಮೂರಿನ ಕನ್ನಡ ಸಂಘದ ಲೆಕ್ಕ ಈ ವರ್ಷ ನನ್ನ ಕೈಗೆ ಬಂದಿದೆ. 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ಲಾಭರಹಿತ ಸಂಸ್ಥೆ, ಯಾರಿಗೂ ಸಂಬಳ ಇಲ್ಲ. ರಾಜ್ಯೋತ್ಸವಕ್ಕೆ ಶಾಲೆಯ ಆಡಿಟೋರಿಯಂ ಕೊಡಲು ಕೇಳಿದರು ಅಂತ ಜನರಲ್ ಲಯಬಿಲಿಟಿ ಮಾಡಿಸಿದ್ದೇವೆ. ಈಗ ಬ್ರೋಕರ್ ಕಮಿಟಿಯವರಿಗಾಗಿ ಡೈರೆಕ್ಟರ್ಸ್ ಅಂಡ್ ಆಫೀಸರ್ಸ್ (ಡಿ ಅಂಡ್ ಒ) ಪಾಲಿಸಿಯೂ ಇರಲಿ ಅನ್ನುತ್ತಿದ್ದಾರೆ. ಸ್ವಯಂಸೇವಕರನ್ನು ಕಾನೂನೇ ಕಾಪಾಡುತ್ತೆ, ಸುಮ್ನೆ ದುಡ್ಡು ಯಾಕೆ ಅಂತ ಕೆಲವರ ವಾದ. ನಿಮ್ಮಲ್ಲಿ ಹೇಗೆ?

ಹಿಂದೆ ಖಜಾಂಚಿಯಾಗಿದ್ದವನು: ಮಾಡಿಸಿ ಸರ್. ಹಾಲ್‌ನಲ್ಲಿ ಯಾರಾದರೂ ಜಾರಿ ಬಿದ್ದರೆ ಜನರಲ್ ಲಯಬಿಲಿಟಿ ನೋಡಿಕೊಳ್ಳುತ್ತೆ. ಕಮಿಟಿಯ ತೀರ್ಮಾನದ ಮೇಲೆ ಕೇಸ್ ಬಿದ್ದರೆ ಅದು ಬರುವುದಿಲ್ಲ, ಅದಕ್ಕೇ ಡಿ ಅಂಡ್ ಒ.

ನಮ್ಮಲ್ಲಿ ಚುನಾವಣೆ ಹೊತ್ತಿಗೆ ಒಬ್ಬರ ಸದಸ್ಯತ್ವದ ಹಣ ಬಾಕಿ ಇತ್ತು. ನಾಮಪತ್ರ ತಳ್ಳಿಹಾಕಿದೆವು. ಎಂಟು ತಿಂಗಳಾದ ಮೇಲೆ ಲಾಯರ್ ನೋಟಿಸ್ ಬಂತು. ಸಂಘದ ಜೊತೆ ನಮ್ಮ ಐದು ಜನರ ಹೆಸರೂ ಇತ್ತು. ಅವತ್ತು ರಾತ್ರಿ ಹೆಂಡತಿ ‘ಮನೆಗೇನೂ ತೊಂದರೆ ಇಲ್ಲ ಅಲ್ವಾ?’ ಅಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ.

1997ರ ವಾಲಂಟಿಯರ್ ಪ್ರೊಟೆಕ್ಷನ್ ಆಕ್ಟ್ ಇರುವುದು ನಿಜ. ಸಂಬಳವಿಲ್ಲದೆ ದುಡಿಯುವವರು ತಮ್ಮ ಕೆಲಸದೊಳಗೆ ಮಾಡಿದ ಸಾಮಾನ್ಯ ತಪ್ಪಿಗೆ ಅದು ರಕ್ಷಣೆ ಕೊಡುತ್ತೆ. ಆದರೆ ಸಂಘಕ್ಕೆ ಕೊಡುವುದಿಲ್ಲ. ಬೇಕೆಂದೇ ಮಾಡಿದರು ಅಂತ ಎದುರಿನವರು ಬರೆದರೆ, ಹಾಗಲ್ಲ ಅಂತ ವಾದ ಮಾಡಲು ನಿಮಗೂ ಲಾಯರ್ ಬೇಕು. ಆ ಫೀಸನ್ನು ಕಾನೂನು ಕಟ್ಟುವುದಿಲ್ಲ. ನಮ್ಮ ವಿಷಯ ಕೋರ್ಟಿಗೇ ಹೋಗಲಿಲ್ಲ, ಮಾತುಕತೆಯಲ್ಲಿ ಮುಗಿಯಿತು. ಖರ್ಚಾಗಿದ್ದೆಲ್ಲ ಲಾಯರಿಗೇ.

ನಮಗೂ ಪಾಲಿಸಿ ಇತ್ತು ಸರ್. ನಾಮಪತ್ರ ತಳ್ಳಿಹಾಕಿದ ದಿನ ಇತ್ತು, ನೋಟಿಸ್ ಬಂದ ದಿನ ಇರಲಿಲ್ಲ. ಈ ಪಾಲಿಸಿಗಳು ಸಾಮಾನ್ಯವಾಗಿ ‘ಕ್ಲೇಮ್ಸ್ ಮೇಡ್’. ಅಂದರೆ ನಮ್ಮ ಮೇಲೆ ಕ್ಲೇಮ್ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ಖಜಾಂಚಿಯಾಗಿ ನನ್ನ ಅವಧಿ ಮುಗಿದಿತ್ತು, ಅಮ್ಮನಿಗೆ ಹುಷಾರಿಲ್ಲ ಅಂತ ಮೈಸೂರಿನಲ್ಲಿದ್ದೆ. ರಿನ್ಯೂವಲ್ ಈಮೇಲ್ ನನ್ನ ವಿಳಾಸಕ್ಕೇ ಬಂದು ಬಿದ್ದಿತ್ತು. ಆರು ವಾರದ ಅಂತರದಲ್ಲಿ ಎಲ್ಲ ಕೈತಪ್ಪಿತು. ಐದು ಜನ ಜೇಬಿನಿಂದ ಹಾಕಿದೆವು. ಅದರಲ್ಲಿ ಒಬ್ಬ ಹುಡುಗ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಅದು ಇನ್ನೂ ಮನಸ್ಸಿನಲ್ಲಿದೆ. ದಯವಿಟ್ಟು ಬ್ರೋಕರಿಗೆ ಸಂಘದ ಈಮೇಲ್ ಕೊಡಿ, ಇಬ್ಬರಾದರೂ ಅದನ್ನು ನೋಡುತ್ತಿರಲಿ.

ಇನ್ನೊಂದು ಸಂಘದ ಅಧ್ಯಕ್ಷೆ: ಓದಿ ಬೇಜಾರಾಯಿತು ಸರ್. ನಮಗೆ ನೋಟಿಸ್ ಬಂದಾಗ ಪಾಲಿಸಿ ಇತ್ತು, ಬಚಾವಾದೆವು. ಉತ್ತರ ಬರೆಯುವ ಮೊದಲೇ ಕಂಪನಿಗೆ ತಿಳಿಸಿದೆವು. ತಡ ಮಾಡಿದರೆ ಅದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಹುದು.

ಕೊಳ್ಳುವಾಗ ಲಾಯರ್ ಖರ್ಚು ಪಾಲಿಸಿ ಮೊತ್ತದೊಳಗೇ ಕಳೆಯುತ್ತಾ, ಹೊರಗಾ ಅಂತ ಕೇಳಿ. ಕಮಿಟಿಯವರೇ ಕಮಿಟಿಯವರ ಮೇಲೆ ಕೇಸ್ ಹಾಕಿದರೆ ಅನ್ವಯಿಸುವುದಿಲ್ಲ ಅನ್ನುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತೆ. ನಮ್ಮ ಸಂಘಗಳಲ್ಲಿ ಜಗಳ ಜಾಸ್ತಿ ಅಲ್ಲೇ ಅಲ್ವಾ? ಅದನ್ನು ಸಾಲು ಸಾಲಾಗಿ ಓದಿಸಿಕೊಳ್ಳಿ. ಸಂಘದ ಹಣ ಯಾರಾದರೂ ಹೊಡೆದರೆ ಅದಕ್ಕೆ ಬೇರೆ ಪಾಲಿಸಿ.

ಹೊಸ ಖಜಾಂಚಿ: ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಮಿಟಿ ಬಿಟ್ಟವರಿಗೂ ಅನ್ವಯಿಸುತ್ತಾ ಮೇಡಂ?

ಅಧ್ಯಕ್ಷೆ: ಸಾಮಾನ್ಯವಾಗಿ ಹಿಂದಿನ ಪದಾಧಿಕಾರಿಗಳೂ ಸೇರುತ್ತಾರೆ, ಆದರೆ ನೀವು ಪಾಲಿಸಿ ಮುಂದುವರಿಸುತ್ತಿರಬೇಕು. ಕಂಪನಿ ಬದಲಿಸಿದರೆ ಯಾವ ದಿನಾಂಕದಿಂದಾದ ಕೆಲಸಗಳಿಗೆ ಅನ್ವಯ ಅಂತ ನೋಡಿ. ಹಳೆಯ ದಿನಾಂಕವನ್ನೇ ಉಳಿಸಿಕೊಡಿ ಅಂತ ಪಟ್ಟು ಹಿಡಿಯಿರಿ.